ಪಕ್ಕದವರ ಶ್ರುತಿ

ಇವತ್ತು ಬೆಳಿಗ್ಗೆ ಪುಚೊಂಗ್‌ನಿಂದ ಹೊರಟು ಟೋಲ್ ಗೇಟಿನ ಮುಂದೆ ನಿಂತಾಗ ಕಾರ್ಡು ಕೈಗೆ ಸಿಗಲಿಲ್ಲ. ಸೀಟಿನ ಸಂದಿಗೆ ಕೈ ತೂರಿಸಿ ತಡಕಾಡಿದೆ. ಸಿಕ್ಕಿದ್ದು ಬಿಸಿಲಿಗೆ ಅರ್ಧ ಕರಗಿ, ಹಳೆಯ ಬಟ್ಟೆಚೂರಿಗೆ ಅಂಟಿಕೊಂಡಿದ್ದ ಜೇನುಬಣ್ಣದ ಒಂದು ಬಿಲ್ಲೆ. ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಿದ್ದರೂ ಮಾಸ್ಕ್ ಇಳಿಸಿ ಅದನ್ನು ಮೂಗಿಗೆ ಹಿಡಿದೆ. ಬಡಗಿಯ ಅಂಗಡಿಗೂ ಸಾಂಬ್ರಾಣಿ ಹೊಗೆಗೂ ನಡುವಿನ ವಾಸನೆ. ಪಿಟೀಲಿನ ಕಮಾನಿಗೆ ತಿಕ್ಕುವ ರಾಳ. ಕಾರ್ಡು ಆಮೇಲೆ ನನ್ನ ಅಂಗಿಯ ಜೇಬಿನಲ್ಲೇ ಸಿಕ್ಕಿತು, ಆ ವಿಷಯ ಬಿಡಿ.

ಪಿಟೀಲಿಗೂ ನಿನಗೂ ಏನಯ್ಯಾ ಸಂಬಂಧ ಎಂದು ನೀವು ಕೇಳಿದರೆ ತಪ್ಪಲ್ಲ. ನಮ್ಮ ಮನೆಯಲ್ಲಿ ಪಿಟೀಲು ಇದ್ದದ್ದು ಬೈಗುಳದಲ್ಲಿ ಮಾತ್ರ. ನಾನು ಬಾಯಿ ತೆರೆದರೆ ಸಾಕು, ಅಪ್ಪ 'ಪಿಟೀಲು ಕುಯ್ಯಬೇಡ, ಹೋಗೋ' ಎನ್ನುತ್ತಿದ್ದರು. ಸಂಗೀತದ ಮಟ್ಟಿಗೆ ನನ್ನದು ಎಂಥ ಕಿವಿಯೆಂದರೆ, ಮದುವೆ ಮನೆಯಲ್ಲಿ ಗಟ್ಟಿಮೇಳ ಮೊಳಗಿದಾಗಲೇ ಅಲ್ಲಿಯವರೆಗೆ ಓಲಗ ನಡೆಯುತ್ತಿತ್ತು ಎಂದು ಗೊತ್ತಾಗುವಂಥದ್ದು. ಇಂಥವನ ಮಗಳಿಗೆ ಪಿಟೀಲಿನ ಹುಚ್ಚು ಹಿಡಿದದ್ದು ದ್ವೀಪದ ಮಹಿಮೆ.

ದ್ವೀಪವೆಂದ ತಕ್ಷಣ ಬಿಳಿ ಮರಳು, ತೆಂಗಿನ ಮರ ಎಂದು ಕನಸು ಕಾಣಬೇಡಿ. ಮಲಯ್ ನಾಡಿನ ಕ್ಲಾಂಗ್ ಬಂದರಿನ ಒಂದು ತುಂಡು ಕೂತಿರುವ ದ್ವೀಪ ಅದು. ಒಂದು ಕಡೆ ಕ್ರೇನು, ಕಂಟೇನರು. ಇನ್ನೊಂದು ಕಡೆ ಕಾಂಡ್ಲಾ ಗಿಡಗಳ ಕೆಸರು. ನಡುವೆ ನನ್ನಂಥ ಬಂದರಿನ ನೌಕರರ ಸಾಲುಮನೆಗಳು. ಆಚೆಗೆ ಹೋಗಲು ಒಂದೇ ಸೇತುವೆ. ಶನಿವಾರ ಬಂತೆಂದರೆ ಅಲ್ಲಿನ ಮಕ್ಕಳಿಗೆ ಹೋಗಲು ಇದ್ದ ಜಾಗಗಳು ಮೂಲೆಯಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲು, ಇಲ್ಲವೇ ವಿಮಲಕ್ಕನ ಮನೆ.

ವಿಮಲಕ್ಕ ಮೈಸೂರಿನವರು. ಗಂಡ ಹಡಗಿನ ಎಂಜಿನಿಯರು. ವರ್ಷದ ಬಹುಪಾಲು ಸಮುದ್ರದ ಮೇಲೆ. ಮನೆಯಲ್ಲಿ ಒಬ್ಬರೇ ಕೂತು ಬೇಸರವಾಗಿ, ಹಾಲಿನಲ್ಲಿ ಚಾಪೆ ಹಾಸಿ ಪಿಟೀಲು ಪಾಠ ಶುರು ಮಾಡಿದರು. ತಮಿಳು ಮನೆಗಳ ಮಕ್ಕಳು ಬಂದರು, ನನ್ನ ಮಗಳು ನಿಧಿ ಬಂದಳು, ಐಷಾ ಎಂಬ ಮಲಯ್ ಹುಡುಗಿಯೂ ಬಂದಳು. ಐಷಾಳ ಅಜ್ಜ ಹಿಂದೆ ಮದುವೆಗಳಲ್ಲಿ ಬಿಯೋಲಾ ಬಾರಿಸುತ್ತಿದ್ದರಂತೆ, ಅದೂ ಪಿಟೀಲೇ. ನೆಲಕ್ಕೆ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ನುಡಿಸುವ ಮೊಮ್ಮಗಳನ್ನು ನೋಡಿ ಅವರು ಗದ್ದದಡಿ ಹಿಡಿಯುವುದನ್ನೂ ಕಾಲಮೇಲೆ ಇಳಿಸಿಬಿಟ್ಟರಲ್ಲ ಎಂದು ನಕ್ಕರಂತೆ. ನನ್ನ ಕೆಲಸ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತೂಕಡಿಸುವುದು.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಯಾರೂ ತಮ್ಮ ಪಿಟೀಲನ್ನು ತಾವೇ ಶ್ರುತಿ ಮಾಡಿಕೊಳ್ಳುವಂತಿಲ್ಲ. ವಿಮಲಕ್ಕ ಷಡ್ಜ ಹಾಡುತ್ತಾರೆ. ನೀವು ಕಮಾನು ಎಳೆಯುತ್ತೀರಿ, ಪಕ್ಕದಲ್ಲಿ ಕೂತವರು ಕೇಳುತ್ತಾ ತಂತಿ ಬಿಗಿಯುವ ನಿಮ್ಮ ಬಿರಡೆ ತಿರುಗಿಸುತ್ತಾರೆ. ಆಮೇಲೆ ಅವರದಕ್ಕೆ ನೀವು. ಶ್ರುತಿಪೆಟ್ಟಿಗೆಗೆ, ಫೋನಿನ ಆ್ಯಪಿಗೆ ಒಳಗೆ ಪ್ರವೇಶವಿಲ್ಲ. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ. "ತನ್ನ ಪಿಟೀಲು ತನ್ನ ಕಿವಿಗೆ ಯಾವಾಗ್ಲೂ ಸರಿಯಾಗೇ ಕೇಳತ್ತೆ ರಾಯರೇ," ಎಂದರು. "ನಮ್ಮ ಬೆವರಿನ ವಾಸನೆ ನಮಗೆ ಗೊತ್ತಾಗತ್ತಾ?" ಅಂದಿನಿಂದ ನಾನು ಕ್ಲಾಸಿಗೆ ಹೋಗುವ ಮೊದಲು ಸ್ನಾನ ಮಾಡತೊಡಗಿದೆ.

ಅಷ್ಟರಲ್ಲಿ ಕೊರೋನಾ ಬಂತು. ಸೇತುವೆಯ ಮೇಲೆ ಪೊಲೀಸರು ನಿಂತರು. ತಂಗಿಯ ಬಾಣಂತನಕ್ಕೆಂದು ಮೈಸೂರಿಗೆ ಹೋಗಿದ್ದ ನನ್ನ ಹೆಂಡತಿ ವಿಮಾನ ನಿಂತು ಅಲ್ಲೇ ಉಳಿದಳು. ಮನೆಯಲ್ಲಿ ನಾನು, ನಿಧಿ, ಒಂದು ಪಿಟೀಲು. ಕ್ಲಾಸು ಕಂಪ್ಯೂಟರಿಗೆ ಹೋಯಿತು. ಅಲ್ಲೊಂದು ಚೋದ್ಯ ನಡೆಯಿತು. ಗದ್ದಲವನ್ನು ಸೋಸುವ ಏರ್ಪಾಡು ಆ ಯಂತ್ರದಲ್ಲಿದೆಯಷ್ಟೆ. ವಿಮಲಕ್ಕ ಉದ್ದಕ್ಕೆ ಕಮಾನು ಎಳೆದರೆ ಅದು ಫ್ಯಾನಿನ ಸದ್ದೆಂದು ತಿಳಿದು ನುಂಗಿಬಿಡುತ್ತಿತ್ತು. ಯಾರದೋ ಮನೆಯ ಕುಕ್ಕರ್ ಸೀಟಿ ಕೇಳುತ್ತಿತ್ತು, ನನ್ನ ಕೆಮ್ಮು ಕೇಳುತ್ತಿತ್ತು, ಪಿಟೀಲು ಮಾತ್ರ ಕೇಳುತ್ತಿರಲಿಲ್ಲ. ಕೊನೆಗೆ ವಿಮಲಕ್ಕ ಸಂಜೆ ಒಂದೊಂದೇ ಮನೆಗೆ ಫೋನು ಮಾಡಿ ಬರಿಗಂಟಲಲ್ಲಿ ಷಡ್ಜ ಹಾಡತೊಡಗಿದರು. ಗಂಟಲನ್ನು ಫೋನು ನುಂಗಲಿಲ್ಲ.

ಷಡ್ಜವೇನೋ ಬಂತು, ಪಕ್ಕದವರು ಎಲ್ಲಿ? ನಿಧಿ ನನ್ನ ಮುಖ ನೋಡಿದಳು. ತನ್ನ ಬಿರಡೆಯನ್ನು ತಾನೇ ಮುಟ್ಟಲು ಅವಳು ಸುತರಾಂ ಒಪ್ಪಲಿಲ್ಲ. ಗುರುವಿನ ಮಾತಿಗೆ ಇಷ್ಟು ಬೆಲೆ ಕೊಡುವವಳು ನನ್ನ ಮಾತಿಗೆ ಯಾಕೆ ಕೊಡುವುದಿಲ್ಲವೋ. ಹೀಗೆ ನಾನು ಪಕ್ಕದವನಾದೆ. ಮೊದಮೊದಲು ಬಿರಡೆಯನ್ನು ಹೇಗೆ ತಿರುಗಿಸಿದರೂ ನನಗೆ ಒಂದೇ. "ಫ್ಲಾಟ್ ಲಾ, ಅಪ್ಪಾ," ಎನ್ನುತ್ತಿದ್ದಳು, ಶ್ರುತಿ ಇನ್ನೂ ಕೆಳಗಿದೆ ಎಂದು; ಲಾ ಎಂಬುದು ಅಲ್ಲಿನವರ ಮಾತಿನ ಬಾಲ. "ನಾಟ್ ಯೆಟ್ ಲಾ." ಎರಡು ಸ್ವರ ಹತ್ತಿರ ಬಂದಾಗ ನಡುವೆ ಒಂದು ನಡುಕ ಇರುತ್ತದೆ, ಸೇರಿದಾಗ ಅದು ನಿಂತುಹೋಗುತ್ತದೆ. ಒಂದು ಸಂಜೆ ಆ ನಡುಕ ನಿಂತದ್ದು ನನಗೂ ಕೇಳಿಸಿತು. ಆ ಖುಷಿಗೆ ಮಗಳನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಉಳುಕಿಸಿಕೊಂಡೆ.

ಮುಂದಿನ ಅಲೆಯಲ್ಲಿ ವಿಮಲಕ್ಕನಿಗೇ ಸೋಂಕು ತಗುಲಿತು. ಗಂಡ ಯಾವುದೋ ಬಂದರಿನಾಚೆ ಹಡಗಿನಲ್ಲಿ ಸಿಕ್ಕಿಬಿದ್ದಿದ್ದರು, ಇಳಿಯಲು ಅನುಮತಿ ಇರಲಿಲ್ಲ. ಬಿಳಿ ಅಂಗಿಯವರು ಕರೆದುಕೊಂಡು ಹೋಗುವಾಗ ನಾವು ರಸ್ತೆಯ ಈಚೆ ನಿಂತಿದ್ದೆವು. ಅವರಿಗೆ ಏದುಸಿರು. ಪಿಟೀಲಿನ ಪೆಟ್ಟಿಗೆಯನ್ನು ಗೇಟಿನ ಪಕ್ಕ ಇಟ್ಟು ನಮಗೆ ಕೈ ಮಾಡಿದರು. "ತಂತಿ ಪೂರ್ತಿ ಸಡಿಲ ಬಿಡಬೇಡಿ, ಒಳಗಿನ ಕಡ್ಡಿ ಬಿದ್ದೋಗತ್ತೆ," ಎಂದರು. ಆಂಬುಲೆನ್ಸಿನ ಬಾಗಿಲು ಹಾಕುವ ಮೊದಲು ಇನ್ನೊಂದು ಮಾತು ಬಂತು: "ಸ್ಯಾನಿಟೈಸರ್ ಹಚ್ಚಬೇಡಿ. ವಾರ್ನಿಷ್ ಹೋಗತ್ತೆ."

ಆಸ್ಪತ್ರೆಯಿಂದ ಸುದ್ದಿ ತೊಟ್ಟುತೊಟ್ಟಾಗಿ ಬರುತ್ತಿತ್ತು. ಆಮ್ಲಜನಕ ಕೊಡುತ್ತಿದ್ದಾರೆ, ಮಾತಾಡುವಂತಿಲ್ಲ. ನನಗೆ ಹೆದರಿಕೆಯಾಗಿತ್ತು, ಅವರು ವಾಪಸು ಬರುವುದಿಲ್ಲ ಎಂಬ ಹೆದರಿಕೆ. ಅದನ್ನು ಮಗಳ ಮುಂದೆ ಹೇಳಲಾರದೆ ದಿನಾ ಸಂಜೆ ಅವರ ಪಿಟೀಲನ್ನು ಪೆಟ್ಟಿಗೆಯಿಂದ ತೆಗೆದೆ. ಅಲ್ಲಿನ ತೇವಕ್ಕೆ ಬಿರಡೆ ಜಾರಿ ತಂತಿ ಇಳಿಯುತ್ತಿತ್ತು. ಇಳಿದ ತಂತಿ ಕಂಡರೆ ಮಗಳನ್ನು ಕೂಗುತ್ತಿದ್ದೆ. ಈಗ ಮನೆಯಲ್ಲಿ ಎರಡು ಪಿಟೀಲು, ಇಬ್ಬರು ಪಕ್ಕದವರು, ಪದ್ಧತಿಗೆ ಕುಂದಿಲ್ಲ. ಫೋನಿನ ಷಡ್ಜ ಒಂದೇ ಇಲ್ಲ. ಇವತ್ತು ಅದಕ್ಕೆ ಇದನ್ನು, ನಾಳೆ ಇದಕ್ಕೆ ಅದನ್ನು ಸೇರಿಸಿದೆವು. ವಿಮಲಕ್ಕನ ಪಿಟೀಲಿನ ಸರದಿ ಬಂದಾಗ ಕಮಾನು ನನ್ನ ಕೈಯಲ್ಲಿ. ಎಣ್ಣೆ ಕಾಣದ ಬಾಗಿಲಿನ ಸದ್ದು ಬರುತ್ತಿತ್ತು. ನಿಧಿ ನಗುತ್ತಿದ್ದಳು. ಆ ದಿನಗಳಲ್ಲಿ ಅವಳು ನಕ್ಕದ್ದು ಅಷ್ಟೇ.

ಒಂದು ಮಧ್ಯಾಹ್ನ ಟ್ಯಾಕ್ಸಿ ಬಂದು ನಿಂತಿತು. ವಿಮಲಕ್ಕ ಇಳಿದರು. ಅರ್ಧ ಆಗಿಹೋಗಿದ್ದರು, ಆದರೆ ಇಳಿದರು. ನಾನು ನಿಂತಲ್ಲೇ ಅತ್ತುಬಿಟ್ಟೆ. ಮಾಸ್ಕ್ ಇದ್ದದ್ದು ಆ ಹೊತ್ತಿಗೆ ಒಳ್ಳೆಯದೇ ಆಯಿತು.

ಸ್ವಲ್ಪ ದಿನ ಕಳೆದ ಮೇಲೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಪಿಟೀಲು ತರಲು ಹೇಳಿದರು. ನೆಲಕ್ಕೆ ಕೂರುವ ಶಕ್ತಿ ಇರಲಿಲ್ಲ. ಅವರು ಕಮಾನು ಎಳೆದರು, ಗೇಟಿನ ಈಚೆ ನಿಧಿ ಎಳೆದಳು. ಎರಡೂ ಹಾಲು ಹಾಲಿಗೆ ಬೆರೆತ ಹಾಗೆ ಸೇರಿದವು. ನಾನು ಬೀಗಿದೆ. ಯಾರು ಶ್ರುತಿ ಮಾಡಿದ್ದು ಎಂದು ಕೇಳಿದರು. ನಾವೇ ಎಂದೆ. ಯಾವುದಕ್ಕೆ ಹಿಡಿದು ಎಂದರು. ಇದನ್ನು ಅದಕ್ಕೆ, ಅದನ್ನು ಇದಕ್ಕೆ ಎಂದೆ. ವಿಮಲಕ್ಕ ನಗತೊಡಗಿದರು, ನಗು ಕೆಮ್ಮಿಗೆ ತಿರುಗಿತು.

"ಎಷ್ಟು ಚೆನ್ನಾಗಿ ಸೇರಿದೆ ರಾಯರೇ," ಎಂದರು. "ಇಬ್ರೂ ಕೈ ಕೈ ಹಿಡ್ಕೊಂಡು ಬಾವಿಗೆ ಇಳಿದಿದೀರ."

ಪ್ರತಿ ಸಂಜೆ ಒಂದಿಷ್ಟು ಜಾರಿದ್ದಕ್ಕೆ ಇನ್ನೊಂದನ್ನು ಹೊಂದಿಸುತ್ತ, ಎರಡನ್ನೂ ಪೂರಾ ಒಂದು ಸ್ವರದಷ್ಟು ಕೆಳಗಿಳಿಸಿದ್ದೆವು. ಒಳಗೇ ಇದ್ದ ನಮಗೆ ಗೊತ್ತೇ ಆಗಿರಲಿಲ್ಲ. ನಿಧಿಯ ಕಣ್ಣು ತುಂಬಿದವು. ವಿಮಲಕ್ಕ ತಡೆ ಎಂಬಂತೆ ಕೈಯೆತ್ತಿ ಷಡ್ಜ ಹಾಡಲು ನೋಡಿದರು. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ ನೂಲಿನಂಥ ಒಂದು ದನಿ ಎದ್ದು, ನಡುಗಿ, ನಮ್ಮ ಆ ಇಳಿದ ತಂತಿಯ ಮೇಲೆ ಬಂದು ಕೂತಿತು. ನಡುಕ ನಿಂತಿತು.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು, "ಸೇರ್ತು, ಆಂಟಿ," ಎಂದಳು.

"ಹೌದಲ್ವಾ? ನನ್ನ ಗಂಟಲೂ ಅಲ್ಲಿಗೇ ಇಳಿದಿದೆ. ಇರ್ಲಿ ಬಿಡು. ಇಲ್ಲಿಂದಲೇ ಹೋಗೋಣ."

ಕ್ಲಾಸು ಮತ್ತೆ ಸೇರಿದಾಗ ಎಲ್ಲರೂ ಆ ತಗ್ಗಿನ ಶ್ರುತಿಗೇ ಇಳಿದರು. ಅಜ್ಜಂದಿರು ಗೊಣಗಿದ ಹಾಗೆ ಕೇಳುತ್ತದೆ ಎಂದು ಐಷಾ ದೂರಿದಳು. ವಿಮಲಕ್ಕ ಅದೇ ಷಡ್ಜವನ್ನು ಇನ್ನೊಮ್ಮೆ ಹಾಡಿದರು. ನನ್ನ ಹೆಂಡತಿ ಬಂದಳು, ವಿಮಲಕ್ಕನ ಗಂಡ ಹಡಗಿನಿಂದ ಇಳಿದರು, ನಾವು ಪುಚೊಂಗ್‌ಗೆ ಮನೆ ಬದಲಿಸಿದೆವು. ಶನಿವಾರದ ಪಯಣ ಮಾತ್ರ ತಪ್ಪಲಿಲ್ಲ.

ಇವತ್ತು ಹೋದಾಗ ವಿಮಲಕ್ಕ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತಿದ್ದರು. ಷಡ್ಜ ಹಾಡಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಹಳೆಯ ಷಡ್ಜ ಅದು, ಆಸ್ಪತ್ರೆಗೆ ಮುಂಚಿನದು. ಪಕ್ಕ ಕೂರುವ ಐಷಾ ಬಂದಿರಲಿಲ್ಲವಾದ್ದರಿಂದ ನಿಧಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ಮಂಡಿ ಕಟಕಟ ಎನ್ನಿಸಿಕೊಂಡು ಕೆಳಗೆ ಕೂತೆ. ರಾಳ ಹತ್ತಿದ ಬೆರಳಿನಿಂದ ಬಿರಡೆ ತಿರುಗಿಸಿದೆ. ಹಳೆಯ ತಂತಿ, ಎಲ್ಲಿ ಹರಿಯುತ್ತದೋ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಏರಿತು, ಇನ್ನೂ ಏರಿತು.

"ಪಂಚಮ ಇನ್ನೂ ಒಂದು ಕೂದಲೆಳೆ ಮೇಲೆ ಹೋಗ್ಬೇಕು ರಾಯರೇ," ಎಂದರು ವಿಮಲಕ್ಕ ಅಲ್ಲಿಂದಲೇ, ಗಟ್ಟಿ ದನಿಯಲ್ಲಿ. "ನಿದ್ದೆ ಮಾಡ್ತಿದೀರಾ?"

ಇಷ್ಟು ಹಿತವಾದ ಬೈಗುಳವನ್ನು ನಾನು ಈಚಿನ ವರ್ಷಗಳಲ್ಲಿ ಕೇಳಿರಲಿಲ್ಲ. ಇನ್ನೊಂದು ಕೂದಲೆಳೆ ತಿರುಗಿಸಿದೆ. ತಂತಿ ಹರಿಯಲಿಲ್ಲ.