ಒಂದು ಬೊಗಸೆ ಗೋಧಿ

ಗೆಳೆಯರೇ, ಈಗ ತಾನೇ ನಾಗಮಂಗಲದ ಹಿಟ್ಟಿನ ಮಿಲ್ಲಿನಿಂದ ಬಂದೆ.

ನನ್ನ ಮಗಳಿಗೆ ಗೋಧಿ ಆಗುವುದಿಲ್ಲ. ಚೂರು ಒಳಗೆ ಹೋದರೂ ಹೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತಾಳೆ. ಅದಕ್ಕೇ ದಿನಾ ಸಂಜೆ ಕಪ್ಪಿನಲ್ಲಿ ರಾಗಿ ಹಿಟ್ಟು, ಕೋಕೋ ಪುಡಿ, ಬೆಲ್ಲ, ಹಾಲು ಕಲಸಿ, ಮೈಕ್ರೋವೇವ್‌ನಲ್ಲಿ ಒಂದೂವರೆ ನಿಮಿಷಕ್ಕೆ ಅವಳೊಬ್ಬಳಿಗೇ ಚಾಕೊಲೇಟ್ ಕೇಕು ಮಾಡಿಕೊಡುತ್ತೇನೆ. ಆದರೂ ಎರಡು ತಿಂಗಳಿಂದ ಹೊಟ್ಟೆನೋವು ಬಿಟ್ಟಿಲ್ಲ. ಕದ್ದು ಬಿಸ್ಕತ್ತು ತಿನ್ನುತ್ತೀಯ ಎಂದು ಬೈದು, ಅವಳ ಸ್ಕೂಲ್ ಬ್ಯಾಗನ್ನೆಲ್ಲ ಸುರಿದು ನೋಡಿದ್ದೆ.

ಇವತ್ತು ಮಿಲ್ಲಿನ ಶಿವಣ್ಣ ನನ್ನ ರಾಗಿಗೆ ಮುಂಚೆ ಒಂದು ಬೊಗಸೆ ಗೋಧಿಯನ್ನು ಮಿಷನ್ನಿಗೆ ಸುರಿದ.

"ಏನಣ್ಣಾ ಅದು?" ಎಂದು ಕಿರುಚಿದೆ.

"ಮಗೀಗೆ ಉಸಾರಿಲ್ಲ ಅಂದಿದ್ರಲ್ಲಕ್ಕ. ಹಿಂದಿನೋರ ಹಿಟ್ಟು ಕಲ್ಲಿಗೆ ಅಂಟ್ಕೊಂಡಿರ್ತದೆ. ಅದ್ಕೇ ನೀವು ಬಂದಾಗೆಲ್ಲ ನಮ್ಮನೆ ಗೋಧಿ ಆಕಿ ಕಿಲೀನ್ ಮಾಡ್ಬುಟ್ಟೇ ಬೀಸೋದು. ಬ್ಯಾರೆ ಯಾರ್ಗೂ ಇಂಗೆ ಮಾಡಕಿಲ್ಲ!"

ಹುಷಾರಿಲ್ಲ ಎಂದಿದ್ದೆ, ನಿಜ. ಗೋಧಿ ಆಗುವುದಿಲ್ಲ ಎಂದು ನಾನು ಹೇಳೇ ಇರಲಿಲ್ಲ. ಈಗ ಹೇಳಿದೆ. ಅವನು ತಲೆಮೇಲೆ ಕೈಹೊತ್ತು ಮೂಟೆಯ ಮೇಲೆ ಕುಸಿದು ಕೂತ.

ಮನೆಗೆ ಬಂದು ಮಗಳಿಗೆ ಎಲ್ಲ ಒಪ್ಪಿಸಿದೆ. ಅವಳು ನನ್ನನ್ನೇ ದಿಟ್ಟಿಸಿ ಅಂದಳು: "ಅಂದ್ರೆ ದಿನಾ ಗೋಧಿ ತಿನ್ನಿಸ್ತಿದ್ದೋಳು ನೀನೇ. ಎಲ್ಲಿ, ಈಗ ನಿನ್ನ ಬ್ಯಾಗು ಸುರಿ, ನೋಡಾನ."

ಸುರಿದೆ.

ಇನ್ನು ಮೇಲೆ ರಾಗಿ ಪುಡಿ ಮಾಡುವುದು ಮನೆಯ ಮಿಕ್ಸಿಯಲ್ಲೇ. ಜಾರು ತೊಳೆದಿಟ್ಟಿದ್ದೇನೆ, ಬರೀ ನೀರಿನಲ್ಲಿ.