ಹುಣಸಿಗಿಡಕ್ಕೆ ಬರುವ ಬಸ್ಸು

ಹಿರೇಕೊಟ್ನೆಕಲ್ಲಿನ ನಮ್ಮ ಅಕ್ಕ ಬಸ್ಸು ಹತ್ತುವ ಜಾಗಕ್ಕೆ ಹುಣಸಿಗಿಡ ಎಂದು ಹೆಸರು. ರಸ್ತೆ ಅಗಲ ಮಾಡುವಾಗಲೇ ಆ ಗಿಡ ಹೋಯಿತು. ಜನ ಮಾತ್ರ ಈಗಲೂ 'ಗಿಡದ ಕೆಳಗ ನಿಂತೀನಿ' ಎನ್ನುತ್ತ ಸುಡುಬಿಸಿಲಿನಲ್ಲಿ ನಿಂತಿರುತ್ತಾರೆ. ಅಕ್ಕನ ಮೂತ್ರಪಿಂಡಗಳು ಕೈಕೊಟ್ಟಿವೆ. ರಾಯಚೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳದಿದ್ದರೆ ಉಸಿರಾಟವೇ ಕಷ್ಟ, ಬಸ್ಸು ತಪ್ಪಿದರೆ ಅಲ್ಲಿಯ ಪಾಳಿಯೂ ತಪ್ಪುತ್ತದೆ.

ಯಾವ ಬಸ್ಸು ಎಲ್ಲಿದೆ ಎಂಬ ಮಾಹಿತಿಯನ್ನು ಸರ್ಕಾರ ತನ್ನ ಕಪಾಟಿನಲ್ಲಿ ಬೀಗ ಹಾಕಿಡದೆ, ಬೇಕಾದವರು ಬಳಸಿಕೊಳ್ಳಿ ಎಂದು ಎಲ್ಲರಿಗೂ ಬಿಟ್ಟುಕೊಟ್ಟಾಗ, ಮಾನ್ವಿಯ ಕಾಲೇಜು ಹುಡುಗಿಯರು ಅದರಿಂದ ಒಂದು ಫೋನ್ ಸೇವೆ ಕಟ್ಟಿದರು. ನಿಲ್ದಾಣದ ಹೆಸರು ಹೇಳಿದರೆ ಸಾಕು, ಬಸ್ಸು ಎಲ್ಲಿಗೆ ಬಂದಿದೆ ಎಂದು ನಮ್ಮ ಮಾತಿನಲ್ಲೇ ಹೇಳುತ್ತದೆ. ಅಕ್ಕ ಸಹಜವಾಗಿ ಹುಣಸಿಗಿಡ ಎಂದಳು. ಸಾರಿಗೆ ಇಲಾಖೆಯ ಲೆಕ್ಕದಲ್ಲಿ ಅದರ ಹೆಸರು ಬರೀ ಕ್ರಾಸ್; ಅಂಥ ನಿಲ್ದಾಣವೇ ಇಲ್ಲ ಎಂದಿತು ಫೋನು. ಬಸ್ಸೇ ರದ್ದಾಗಿದೆ ಎಂದುಕೊಂಡು ಅಕ್ಕ ಮನೆಯಲ್ಲಿ ಉಳಿದಳು. ಸಂಜೆಗೆ ಕಾಲು ಬಾತು ಏದುಸಿರು ಬಂತು, ನಾನು ರಾಯಚೂರಿನಿಂದ ಕಾರು ಮಾಡಿಕೊಂಡು ಓಡಿದೆ. ರಾತ್ರಿಯೇ ಅವಳನ್ನು ಆಸ್ಪತ್ರೆಗೆ ಸೇರಿಸಿದೆ.

ನಡೆದದ್ದನ್ನು ನನ್ನಿಂದ ಕೇಳಿದ ಹುಡುಗಿಯರು ಇಲಾಖೆಗೆ ತಿಳಿಸಿದರು. ಇನ್ನು ಆ ದೂರು ಕಡತದಲ್ಲಿ ಹಾಯಾಗಿ ನಿದ್ದೆ ಮಾಡುತ್ತದೆ ಎಂದು ನಾನು ಅಂದುಕೊಂಡರೆ, ಅಧಿಕಾರಿಯೊಬ್ಬರು ಬಂದು ಊರ ಕಟ್ಟೆಯ ಮೇಲೆ ಕೂತೇಬಿಟ್ಟರು. "ನೀವು ಹೆಂಗ ಕರೀತೀರಿ ಹಂಗs ಹೇಳ್ರಿ, ನಾವು ತಿದ್ದಿಕೋತೀವಿ" ಎಂದರು. ಈಗ ಬಸ್ಸು ಹತ್ತುವ ಯಾರು ಬೇಕಾದರೂ ಹುಡುಗಿಯರ ಆ ಸೇವೆಗೇ ಫೋನ್ ಮಾಡಿ ತಮ್ಮ ನಿಲ್ದಾಣದ ಹೆಸರು ಸೇರಿಸಬಹುದು. ಎಲ್ಲ ಬಲ್ಲೆನೆಂಬ ಬಿಗುಮಾನ ಬಿಟ್ಟು, ಗೊತ್ತಿದ್ದುದನ್ನು ಹಂಚಿ, ಗೊತ್ತಿಲ್ಲದ್ದನ್ನು ವಿಚಾರಿಸುವ ಸರ್ಕಾರವನ್ನು ಕಂಡರೆ, ಗೆಳೆಯರೇ, ಸದಾ ಗೊಣಗುವ ನನಗೂ ಪ್ರೀತಿ ಉಕ್ಕುತ್ತದೆ. ಹೊಸತನ್ನು ಕಟ್ಟುವ ಬುದ್ಧಿ ಊರೂರಲ್ಲೂ ಇದೆ, ಅದಕ್ಕೆ ಬಾಗಿಲು ತೆರೆದಿಟ್ಟರೆ ಸಾಕು.

ಮೊನ್ನೆ ಆಸ್ಪತ್ರೆಯಲ್ಲಿ ಅಕ್ಕನ ಪಕ್ಕದ ಮಂಚದಲ್ಲಿ ದೇವದುರ್ಗದ ಕಡೆಯ ಹೆಂಗಸೊಬ್ಬಳಿದ್ದಳು. ಬಸ್ಸು ತಪ್ಪಿ ಹಿಂದಿನ ಪಾಳಿ ಕಳೆದುಕೊಂಡಿದ್ದ ಅವಳ ಮುಖವೆಲ್ಲ ಬಾತಿತ್ತು.

"ನಿಮ್ಮೂರಾಗ ಬಸ್ ನಿಂದ್ರೋ ಜಾಗಕ್ಕ ಏನಂತೀರವ್ವಾ?" ಎಂದು ಅಕ್ಕ ಕೇಳಿದಳು.

"ನಾವು ಏನರೆ ಅಂತೀವಿ ಬಿಡs ಯವ್ವಾ. ಅದು ಸರ್ಕಾರಕ್ಕೇನು ಗೊತ್ತು?"

ಸೂಜಿಯಿಲ್ಲದ ಕೈಯಿಂದ ಅಕ್ಕ ಆ ಸೇವೆಯ ನಂಬರ್ ಒತ್ತಿ, ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು.

"ಗೊತ್ತಿಲ್ಲ, ಅದಕ್ಕs ಕೇಳಾಕತ್ತದ. ಹೇಳು."