ಎದುರಾಳಿಯ ವಾದ

ಮಧುಗಿರಿ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನಾನೂ ದೊಡ್ಡೇರಿ ಕಡೆಯ ನನ್ನ ಗೆಳತಿಯೂ ಸೇರಿ ಮೊಬೈಲಿನಲ್ಲಿ ಒಂದು ಚರ್ಚೆಯ ಗುಂಪು ಶುರುಮಾಡಿದೆವು. ಅವಳು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು, ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ಚುನಾವಣೆ ಬಂದಾಗಲೆಲ್ಲ ನೆಂಟರಿಷ್ಟರ ಗುಂಪುಗಳಲ್ಲಿ ಹರಿದಾಡುವ ಬೈಗುಳ ಓದಿ ಇಬ್ಬರಿಗೂ ಸಾಕಾಗಿತ್ತು. ಸಿರಾ, ಕೊರಟಗೆರೆ, ಪಾವಗಡದವರೂ ಸೇರಿಕೊಂಡರು. ಗುಂಪಿಗೆ ನಿಯಮಗಳಿದ್ದವು: ಏನು ಹೇಳಿದರೂ ಎಲ್ಲಿ ಓದಿದ್ದೆಂದು ತೋರಿಸಬೇಕು, ಯಾರನ್ನೂ ಹಂಗಿಸಬಾರದು. ಇನ್ನೊಂದು ನಿಯಮ ಅವಳದೇ: ಎದುರಾಳಿಯ ವಾದವನ್ನು ಅವನೇ ಒಪ್ಪುವಷ್ಟು ಚೆನ್ನಾಗಿ ಮೊದಲು ಬರೆದು, ಆಮೇಲೆ ನಮ್ಮ ಉತ್ತರ ಕೊಡಬೇಕು.

ಪಾವಗಡದ ತಿರುಮಣಿ ಕಡೆ ಸಾವಿರಾರು ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಮೇಲೆ ಜಮೀನಿನ ಮಾತು ಆರಿರಲೇ ಇಲ್ಲ. ಒಮ್ಮೆ ಗೋಮಾಳದ ಚರ್ಚೆ ಬಂತು. ಊರಿನ ದನ, ಕುರಿ ಮೇಯುವ ಜಾಗವನ್ನು ಸರ್ಕಾರ ಬೇರೆ ಕೆಲಸಕ್ಕೆ ಕೊಡಬಹುದೇ? ಅವಳು ನಿಯಮದಂತೆ, ಕೊಡಬಹುದು ಎನ್ನುವವರ ವಾದವನ್ನು ಮೊದಲು ಬರೆದಳು. ಅದರ ಕೆಳಗೆ ಕಾನೂನು, ಹಳೆಯ ತೀರ್ಪುಗಳನ್ನು ತೋರಿಸಿ, ಯಾಕೆ ಕೊಡಬಾರದು ಎಂದು ಉದ್ದಕ್ಕೆ ಬರೆದಳು.

ನಮ್ಮವರಲ್ಲೇ ಯಾರೋ ಮೇಲಿನ ಭಾಗವನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆದು ಅವಳ ಊರಿನ ಗುಂಪಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಅವಳು ಫೋನ್ ಮಾಡಿ, "ಅಣ್ಣ ಮಾತಾಡ್ತಿಲ್ಲ, ಬಾರೇ" ಎಂದಳು. ಹೋದೆ. ಅವಳಣ್ಣ ಕುರಿಗಳನ್ನು ಹೊರಗೆ ಬಿಡದೆ ರೊಪ್ಪದ ಮುಂದೆ ನಿಂತಿದ್ದರು.

"ನಾವ್ ಕುರಿ ಎಲ್ಲಿ ಮೇಯಿಸ್ಬೇಕಮ್ಮ? ಗೋಮಾಳ ಕೊಟ್ಬುಡ್ಲಿ ಅಂತ ನೀನೇ ಬರ್ದಿದ್ದೀಯಲ್ಲ!"

"ಅದು ಅವ್ರ ವಾದ ಕಣಣ್ಣ. ನಂದು ಕೆಳಗೈತೆ."

ಪೂರ್ತಿ ಬರಹವನ್ನು ನಾನು ಗಟ್ಟಿಯಾಗಿ ಓದಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು ತಂಗಿಗೆ ಹೇಳಿದರು: "ನಂಗೆ ತಿಳೀತು ಬುಡಮ್ಮ. ಊರ್ನೋರು ಇಷ್ಟುದ್ದ ಓದ್ತಾರಾ?"

ಓದಲಿಲ್ಲ. ಪೂರ್ತಿ ಬರಹವನ್ನು ಊರಿನ ಗುಂಪಿಗೆ ಹಾಕಿದರೂ ಹಾಲಿನ ಡೈರಿಯ ಹತ್ತಿರ ಅವಳನ್ನು ಕಂಡವರು ಮಾತು ನಿಲ್ಲಿಸುತ್ತಿದ್ದರು. ಆ ಸ್ಕ್ರೀನ್‌ಶಾಟ್ ಕಳಿಸಿದ್ದು ಯಾರೆಂದು ನಮ್ಮ ಗುಂಪಿನಲ್ಲಿ ಕೇಳಿದೆ. ಯಾರೂ ಒಪ್ಪಲಿಲ್ಲ. ಆಮೇಲೆ ಪ್ರತಿಯೊಬ್ಬರ ಮಾತನ್ನೂ ಅನುಮಾನದಿಂದಲೇ ಓದತೊಡಗಿದೆ, ತೀರಾ ವಿನಯದಿಂದ ಬರೆಯುವವರದನ್ನಂತೂ ಇನ್ನೂ ಹೆಚ್ಚು.

ಅವಳು ಗುಂಪು ಬಿಟ್ಟಳು. ವಾಪಸು ಕರೆದಾಗ, "ಬೇಡ ಕಣೇ. ಬರೆಯೋಕೆ ಕೂತ್ರೆ ಎಲ್ಲಿ ಕತ್ತರಿಸ್ತಾರೋ ಅನ್ನೋದೇ ತಲೇಲಿ ಬರುತ್ತೆ" ಎಂದಳು.

ಗುಂಪು ಈಗಲೂ ಇದೆ. ಮೊನ್ನೆ ಸಿರಾದ ವ್ಯಾಪಾರಿಯೊಬ್ಬರು ತೆರಿಗೆಯ ಬಗ್ಗೆ ಆಧಾರ ಸಮೇತ ಬರೆದರು. ಹಲವರು ಕೈ ಮುಗಿಯುವ ಚಿತ್ರ ಹಾಕಿದರು. ಅವರ ಮಾತಿಗೆ ಎದುರು ಬರೆಯಲು ನನ್ನಲ್ಲೂ ಒಂದಿಷ್ಟು ವಿಷಯವಿತ್ತು. ನಿಯಮದಂತೆ ಮೊದಲು ಅವರ ವಾದವನ್ನು ಟೈಪ್ ಮಾಡಿದೆ, ಅಳಿಸಿದೆ.